ಭಜನೆಯ ಮನೆಗೊಂದು ಮಿಕ್ಸರ್

ಹಳಗನ್ನಡದ ಛಂದಸ್ಸನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೂ ವಾಟ್, ಓಮ್‌ಗಳ ಲೆಕ್ಕಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ನಾನೂ ಅದನ್ನೇ ಕೇಳಿದೆ. ಆದರೆ ದೊಡ್ಡಮಳೂರಿನ ನಮ್ಮ ಬೀದಿಯ ಭಜನಾ ಮಂಡಳಿಯ ಹೆಂಗಸರ ತರ್ಕವೇ ಬೇರೆ. “ಎಂ.ಎ. ಓದಿದ ಮೇಷ್ಟ್ರಿಗೆ ಒಂದು ಮೈಕ್ ಸೆಟ್ಟು ಆರಿಸಲು ಬಾರದೆ?” ಎಂದರು. ಬಾರದು ಎಂದರೆ ವಿಶ್ವವಿದ್ಯಾನಿಲಯದ ಮಾನ ಹೋಗುತ್ತದೆ. ಒಪ್ಪಿಕೊಂಡೆ.

ಚನ್ನಪಟ್ಟಣದಿಂದ ಮೈಸೂರಿನ ಕಡೆಗೆ ಹಳೆಯ ಹೆದ್ದಾರಿಯಲ್ಲಿ ಹೊರಟವರಿಗೆ ಸ್ವಲ್ಪ ದೂರದಲ್ಲೇ ನಮ್ಮೂರು ಸಿಕ್ಕುತ್ತದೆ. ಅಪ್ರಮೇಯಸ್ವಾಮಿಯ ಗುಡಿ, ಅದರೊಳಗಿನ ಅಂಬೆಗಾಲು ಕೃಷ್ಣ, ಮಕ್ಕಳ ಭಾಗ್ಯ ಬೇಡಿದವರು ತಂದೊಪ್ಪಿಸುವ ಪುಟ್ಟ ತೊಟ್ಟಿಲುಗಳು—ಇವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆಯನ್ನು ಹಾಡಿದ್ದು ಈ ಕೃಷ್ಣನ ಮುಂದೆಯೇ ಎಂಬುದು ಇಲ್ಲಿಯ ಪ್ರತೀತಿ. ಪಕ್ಕದ ಚನ್ನಪಟ್ಟಣಕ್ಕಾದರೋ ಬೊಂಬೆಗಳಷ್ಟೇ ಹಿರಿಮೆಯಲ್ಲ. ಒಂದು ಕಾಲದಲ್ಲಿ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಗೂ ಆ ಪೇಟೆ ಹೆಸರಾಗಿತ್ತೆಂದು ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಓದಬಹುದು. ಇಂತಹ ಸೀಮೆಯಲ್ಲಿ ಹಾಡು ಕಿವಿಗೆ ಬೀಳದೆ ಹೋಗುವುದೆಂದರೆ ಹೇಗೆ?

ಆದರೆ ಆಗುತ್ತಿದ್ದುದು ಅದೇ. ಮಂಡಳಿಯ ಹಿರಿಯಾಕೆಗೆ ಎಂಬತ್ತು ದಾಟಿದೆ. ಪುಸ್ತಕದಲ್ಲಿ ಅಚ್ಚಾಗದ ಎಷ್ಟೋ ಹಾಡುಗಳು ಆಕೆಯ ಬಾಯಲ್ಲಿವೆ. ಧ್ವನಿ ಮಾತ್ರ ನೂಲಿನಂತೆ ಸಣ್ಣಗಾಗಿದೆ. ಹಬ್ಬಹರಿದಿನಗಳಲ್ಲಿ ಬಾಡಿಗೆಗೆ ತರುತ್ತಿದ್ದ ಸೆಟ್ಟಿನಲ್ಲಿ ಹಾರ್ಮೋನಿಯಂ ಗುಡುಗುತ್ತಿತ್ತು, ತಬಲ ಸಿಡಿಯುತ್ತಿತ್ತು, ಅಜ್ಜಿಯ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಬಾಡಿಗೆಯವರನ್ನು ಕೇಳಿದರೆ, ಅವರು ಗುಂಡಿ ತಿರುಗಿಸುವರು, ಸೆಟ್ಟು ‘ಕುಂಯ್’ ಎಂದು ಕಿರುಚುವುದು, ಮತ್ತೆ ಇಳಿಸುವರು. ಕಳೆದ ವರ್ಷ ಶ್ರಾವಣದ ಎರಡನೆಯ ಶನಿವಾರ ಅಜ್ಜಿ ಬರಲಿಲ್ಲ. ಮೂರನೆಯದಕ್ಕೂ ಬರಲಿಲ್ಲ. “ನಾನು ಬಂದು ಏನಪ್ಪ ಮಾಡಲಿ, ಗೊಂಬೆಯ ಹಾಗೆ ಕೂತಿರಲೇ?” ಎಂದರು. ಸ್ವಂತ ಸೆಟ್ಟು ಕೊಳ್ಳಬೇಕೆಂದು ತೀರ್ಮಾನವಾದದ್ದು ಆ ವಾರವೇ. ಚಂದಾ ಎತ್ತಿದರು, ಐವತ್ತು ಸಾವಿರದೊಳಗೆ ಎಲ್ಲವೂ ಮುಗಿಯಬೇಕು ಎಂಬ ಕಟ್ಟಪ್ಪಣೆಯೂ ಆಯಿತು.

ನಾನು ಜಾಣತನದ ಕೆಲಸವೊಂದನ್ನು ಮಾಡಿದೆ: ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರನ್ನು ಜೊತೆಗೆ ಕರೆದುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟೆ. ರೈಲಿನಲ್ಲಿ ಅವರೇ ನನಗೆ ಮೊದಲ ಪಾಠ ಹೇಳಿದರು.

ಮಿಕ್ಸರ್ ಎಂದರೆ ಹಲವು ಮೈಕು, ವಾದ್ಯಗಳಿಂದ ಬರುವ ಧ್ವನಿಯನ್ನು ಬೇಕಾದ ಅಳತೆಯಲ್ಲಿ ಬೆರಸುವ ಯಂತ್ರ. (ಅಡಿಗೆಮನೆಯ ಮಿಕ್ಸಿಯನ್ನು ಮನಸ್ಸಿನಲ್ಲಿಟ್ಟುಕೊಂಡ ನಮ್ಮ ಮಂಡಳಿಯ ಖಜಾಂಚಿಯವರು, “ಅದಕ್ಕೆ ಐವತ್ತು ಸಾವಿರವೇ?” ಎಂದು ಬೆಚ್ಚಿದ್ದರು.) ಬೆರಸಿದ್ದನ್ನು ಸ್ಪೀಕರನ್ನು ಅಲುಗಿಸುವಷ್ಟು ಬಲಪಡಿಸುವುದು ಆಂಪ್ಲಿಫೈಯರ್. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದರೆ ಅದು ಪವರ್ಡ್ ಮಿಕ್ಸರ್. ಗುಡಿ, ಶಾಲೆ, ಮದುವೆ ಮನೆಗಳಲ್ಲಿ ನಾವು ಬಾಲ್ಯದಿಂದ ಕಂಡಿರುವ ಅಹೂಜಾ ಪೆಟ್ಟಿಗೆಯೂ ಈ ಕುಲದ್ದೇ. ಆದರೆ ಆ ಹಳೆಯ ಬಗೆಯಲ್ಲಿ ಎಲ್ಲ ಮೈಕುಗಳಿಗೂ ಸೇರಿ ಸಾಮಾನ್ಯವಾಗಿ ಒಂದೇ ಬಾಸ್ ಗುಂಡಿ, ಒಂದೇ ಟ್ರೆಬಲ್ ಗುಂಡಿ. ತಬಲದ ಗುಮುಗುಮು ತಗ್ಗಿಸಹೋದರೆ ಅಜ್ಜಿಯ ಧ್ವನಿಯೂ ಬಡಕಲಾಗುತ್ತದೆ. ಸಂಗೀತಕ್ಕೆಂದೇ ಮಾಡಿದ ಪವರ್ಡ್ ಮಿಕ್ಸರಿನಲ್ಲಿ ಒಂದೊಂದು ಸಾಲಿಗೂ ಬೇರೆಬೇರೆ ಗುಂಡಿಗಳಿವೆ. ನಮಗೆ ಬೇಕಾದ್ದು ಅದು.

ಮೂರನೆಯ ದಾರಿಯೂ ಉಂಟು: ಬರಿಯ ಮಿಕ್ಸರ್ ಕೊಂಡು, ಆಂಪ್ಲಿಫೈಯರನ್ನು ತಮ್ಮ ಹೊಟ್ಟೆಯಲ್ಲೇ ಇಟ್ಟುಕೊಂಡ ಸ್ಪೀಕರುಗಳಿಗೆ ಸೇರಿಸುವುದು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಪ್ರತಿ ಸ್ಪೀಕರಿಗೂ ಕರೆಂಟಿನ ವೈರು ಎಳೆಯಬೇಕು. ನಮ್ಮ ಭಜನೆಯ ಮನೆಯಲ್ಲಿ ಇರುವುದು ಎರಡು ಪ್ಲಗ್ಗು. ಅದರಲ್ಲೊಂದು ಕಾಫಿ ಕಾಯಿಸುವವರ ಸ್ವಾಧೀನ.

ಅಂಗಡಿಯಲ್ಲಿ ಮೊದಲು ಎದುರಾದದ್ದು ವಾಟ್‌ಗಳ ಮಾಯಾಬಜಾರು. ಸಾವಿರವೆಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದು ಕ್ಷಣಮಾತ್ರದ ಶಿಖರದ ಅಂಕಿ. ಕೇಳಬೇಕಾದ್ದು ಆರ್.ಎಂ.ಎಸ್. ವಾಟ್ ಎಷ್ಟು, ಅದೂ ಎಷ್ಟು ಓಮಿಗೆ ಎಂಬುದನ್ನು. ನಮ್ಮ ಮಿತ್ರರು ಅಂಗಡಿಯವರ ಮುಂದೆಯೇ ನನಗೆ ಹೇಳಿದ ಒಂದು ಮಾತು ಇಡೀ ವ್ಯಾಪಾರದ ದಿಕ್ಕನ್ನೇ ಬದಲಿಸಿತು. ವಾಟ್ ಎರಡರಷ್ಟಾದರೆ ಧ್ವನಿಯ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು. ಆದರೆ ಹಾಡುವವರ ಬಾಯಿಂದ ಎರಡು ಗೇಣು ದೂರವಿದ್ದ ಮೈಕನ್ನು ಒಂದು ಗೇಣಿಗೆ ತಂದರೆ ಸುಮಾರು 6 ಡೆಸಿಬೆಲ್ ಪುಕ್ಕಟೆಯಾಗಿ ದೊರೆಯುತ್ತದೆ! ಕಿರುಚಾಟವೂ ಹತ್ತಿರ ಸುಳಿಯುವುದಿಲ್ಲ. ಬಾಡಿಗೆಯ ಸೆಟ್ಟಿನಲ್ಲಿ ಅಜ್ಜಿಯ ಮುಂದೆ ಇಡುತ್ತಿದ್ದ ಮೈಕು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತ ನಾಲ್ವರಿಗೆ ಸೇರಿ ಒಂದು. ರೋಗ ಇದ್ದುದು ಅಲ್ಲಿ, ಪೆಟ್ಟಿಗೆಯಲ್ಲಲ್ಲ.

ಆಮೇಲೆ ನಾವು ಹಣ ಹಂಚಿದ ರೀತಿಯೇ ಬೇರೆಯಾಯಿತು. ಮೂವತ್ತಡಿ ಉದ್ದದ, ಅರವತ್ತು ಎಪ್ಪತ್ತು ಜನ ಹಿಡಿಯುವ ಕೋಣೆಗೆ ಸ್ಪೀಕರೊಂದಕ್ಕೆ ನೂರೈವತ್ತು ಆರ್.ಎಂ.ಎಸ್. ವಾಟ್ ಧಾರಾಳ. ಆರು ಮೈಕಿನ ಸಾಲುಗಳಿರುವ ಮಧ್ಯಮ ಪೆಟ್ಟಿಗೆಯೊಂದನ್ನು ಆರಿಸಿ, ಉಳಿಸಿದ ಹಣವನ್ನು ಒಳ್ಳೆಯ ಮೈಕು, ಗಿಡ್ಡ ಸ್ಟ್ಯಾಂಡು, ಮೂರು ಪಿನ್ನಿನ ಗಟ್ಟಿ ಕೇಬಲ್ಲುಗಳಿಗೆ ಸುರಿದೆವು. ತಾಳಕ್ಕೆ ಮೈಕು ಬೇಡವೇ ಬೇಡ. ಅದರ ದನಿ ಗೋಡೆಯಾಚೆಗೂ ತಾನೇ ಹೋಗುತ್ತದೆ. ಹಾರ್ಮೋನಿಯಮ್ಮಿಗೆ ಒಂದು, ತಬಲಕ್ಕೆ ಒಂದು, ಉಳಿದವು ಕೊರಳುಗಳಿಗೆ. ತೆರೆದ ಮೈಕುಗಳು ಹೆಚ್ಚಿದಷ್ಟೂ ಕಿರುಚಾಟಕ್ಕೆ ದಾರಿ ಹೆಚ್ಚು. ಹಾಡದವರ ಮೈಕನ್ನು ಮುಚ್ಚಿಡುವುದು ಮರ್ಯಾದೆಯ ಪ್ರಶ್ನೆಯಲ್ಲ, ವಿಜ್ಞಾನದ್ದು ಎಂದು ಮಂಡಳಿಯಲ್ಲಿ ವಿವರಿಸಬೇಕಾಯಿತು.

ಓಮಿನ ವಿಷಯ ಸ್ವಲ್ಪ ಎಚ್ಚರದ್ದು. ಎಂಟು ಓಮಿನ ಎರಡು ಸ್ಪೀಕರುಗಳನ್ನು ಒಂದೇ ಹೊರದಾರಿಗೆ ಪಕ್ಕಪಕ್ಕದಲ್ಲಿ ಸೇರಿಸಿದರೆ ನಾಲ್ಕು ಓಮ್ ಆಗುತ್ತದೆ. ನಾಲ್ಕನ್ನು ಸೇರಿಸಿದರೆ ಎರಡು. ಪೆಟ್ಟಿಗೆಯ ಬೆನ್ನಿನ ಮೇಲೆ ‘ಕನಿಷ್ಠ ನಾಲ್ಕು’ ಎಂದು ಬರೆದಿದ್ದರೆ ಮೂರನೆಯ ಸ್ಪೀಕರನ್ನು ಯಾರು ಪುಕ್ಕಟೆ ಕೊಟ್ಟರೂ ಸಿಕ್ಕಿಸಬಾರದು. ಹೀಗೆ ಸುಟ್ಟುಹೋದ ಆಂಪ್ಲಿಫೈಯರುಗಳನ್ನು ರಿಪೇರಿ ಅಂಗಡಿಯಲ್ಲಿ ಸಾಲಾಗಿ ನೋಡಿದೆ. ಇನ್ನು ಎಕೋ ಎಂಬ ಗುಂಡಿ. ಅದನ್ನು ಕಂಡರೆ ಹುಡುಗರಿಗೆ ಪ್ರಾಣ. ಆದರೆ ಸಿಮೆಂಟಿನ ಗೋಡೆ, ಕಲ್ಲಿನ ನೆಲ ತಾವಾಗಿಯೇ ಸಾಕಷ್ಟು ಮಾರ್ದನಿ ಕೊಡುತ್ತವೆ. ಅದರ ಮೇಲೆ ಇದನ್ನೂ ಹಾಕಿದರೆ ದಾಸರ ಪದ ಒಂದೂ ತಿಳಿಯದು. ನಮ್ಮ ಸೆಟ್ಟಿನಲ್ಲಿ ಅದು ಸೊನ್ನೆಯಲ್ಲಿದೆ. ಮೇಲೆ ಅಂಟುಕಾಗದವನ್ನೂ ಅಂಟಿಸಿದ್ದೇವೆ.

“ಬೀದಿಗೊಂದು ಹಾರ್ನ್ ಕಟ್ಟೋಣ” ಎಂಬ ಬೇಡಿಕೆಯೂ ಬಾರದಿರಲಿಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳನ್ನು ನಾನು ಓದಿ ಹೇಳಿದೆ: ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹೊರಗೆ ಅದನ್ನು ಹಚ್ಚುವಂತಿಲ್ಲ, ವಾಸದ ಬೀದಿಗಳಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಎದುರುಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯೊಬ್ಬಳಿದ್ದಾಳೆ ಎಂಬುದನ್ನು ಖಜಾಂಚಿಯವರು ಸೇರಿಸಿದರು. ನಿಯಮಗಳಿಗಿಂತ ಆ ಮಾತೇ ಹೆಚ್ಚು ಕೆಲಸ ಮಾಡಿತೆಂದು ತೋರುತ್ತದೆ.

ಸೆಟ್ಟು ಬಂದ ಶನಿವಾರ ಅಜ್ಜಿಯನ್ನು ಮೊಮ್ಮಗಳು ಕೈಹಿಡಿದು ಕರೆತಂದಳು. ಸ್ಪೀಕರುಗಳನ್ನು ಹಾಡುವವರ ಮುಂಭಾಗಕ್ಕೆ, ಕೇಳುಗರತ್ತ ಮುಖಮಾಡಿ ಇಟ್ಟಿದ್ದೆವು. ಗಿಡ್ಡ ಸ್ಟ್ಯಾಂಡನ್ನು ಮಡಿಲ ಹತ್ತಿರಕ್ಕೆ ಸರಿಸಿ, ಮೈಕನ್ನು ಅರ್ಧ ಗೇಣಿಗೆ ತಂದೆವು. ಅಜ್ಜಿ ಅನುಮಾನಿಸುತ್ತಲೇ ಮೊದಲ ನುಡಿ ಎತ್ತಿದರು. ಹಿಂದಿನ ಗೋಡೆಯ ಬಳಿ ಕೂತಿದ್ದವರು ತಲೆ ಎತ್ತಿದರು. ಒಂದು ನುಡಿ ಮುಗಿಯುವ ಮೊದಲೇ ಹಾಡು ನಿಂತಿತು. ಏನೋ ಕೆಟ್ಟಿತೆಂದು ನಾನು ಪೆಟ್ಟಿಗೆಯತ್ತ ಧಾವಿಸಿದೆ.

“ಏನೂ ಇಲ್ಲಪ್ಪ, ಯಾರೋ ನಮ್ಮಮ್ಮನ ಹಾಗೆ ಹಾಡಿದಂತಾಯಿತು” ಎಂದು ಹೇಳಿ ಅಜ್ಜಿ ಮತ್ತೆ ಮೊದಲಿನಿಂದ ಆರಂಭಿಸಿದರು.

ಆ ರಾತ್ರಿ ಒಂಬತ್ತೂವರೆಗೆ ಭಜನೆ ಮುಗಿಯಿತು. ಬೀರುವಿನ ಬೀಗದ ಕೈ ಯಾರ ಹತ್ತಿರ ಇರಬೇಕೆಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.