ಮೃಗಶಿರಾ ಮಳೆ: ಬಂದರೆ ಹೇಗೆ, ಬಾರದಿದ್ದರೆ ಹೇಗೆ?

ಶಾಲೆ ಶುರುವಾಗಿದೆ. ಹೊಸ ಪುಸ್ತಕಗಳಿಗೆಲ್ಲ ಬೈಂಡು ಹಾಕಿ, ಹೆಸರಿನ ಚೀಟಿ ಅಂಟಿಸಿಯೂ ಆಗಿದೆ. ಈಗ ಮನೆಮನೆಯಲ್ಲಿ ಕೊಡೆ ಹುಡುಕುವ ಕಾರ್ಯಕ್ರಮ. ಕಳೆದ ವರ್ಷ ಬಾಗಿಲ ಹಿಂದೆ ತೂಗುಹಾಕಿದ್ದು ಈ ವರ್ಷ ಅಟ್ಟದ ಮೇಲೆ ಸಿಗುತ್ತದೆ. ಸಿಕ್ಕಿದ್ದರಲ್ಲಿ ಎರಡು ಕಡ್ಡಿ ಮುರಿದಿರುತ್ತವೆ. ಅದನ್ನು ಮುರಿದವರು ಯಾರು ಎಂಬ ವಿಚಾರಣೆ ಸಂಜೆಯ ಕಾಫಿಯವರೆಗೂ ನಡೆಯುತ್ತದೆ. ಇದರ ನಡುವೆ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ: “ಈ ವಾರ ಮಳೆ ಹೇಗಂತೆ?”

ಮಕ್ಕಳೇ, ಈ ಪ್ರಶ್ನೆಗೆ ಉತ್ತರ ಹೇಳಲು ನಾನು ಹವಾಮಾನ ತಜ್ಞನೇನೂ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದವನು. ಆದರೆ ಮಳೆಯೂ ಒಂದು ಲೆಕ್ಕವೇ ತಾನೆ? ಜಮೆ ಇದೆ, ಖರ್ಚಿದೆ, ಬಾಕಿ ಇದೆ. ಹಾಗಾಗಿ ಮುಂದಿನ ಹದಿನೈದು ದಿನಗಳ ಮಳೆಯ ಖಾತೆಯನ್ನು ಒಮ್ಮೆ ತೆರೆದು ನೋಡೋಣ.

ಗೋಡೆಯ ಮೇಲೆ ಒಂದು, ಆಕಾಶದಲ್ಲಿ ಒಂದು

ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 7 ಅಥವಾ 8ರ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ‘ಮೃಗಶಿರಾ ಮಳೆ’ ಎಂದಿರುತ್ತದೆ. ಉತ್ತರ ಕರ್ನಾಟಕದವರು ಇದನ್ನೇ ‘ಮಿರಗ’ ಎನ್ನುತ್ತಾರೆ. ಇದಕ್ಕೆ ಹಿಂದಿನದು ರೋಹಿಣಿ. ಮುಂದಿನದು ಜೂನ್ 21–22ರ ಹೊತ್ತಿಗೆ ಬರುವ ಆರಿದ್ರಾ. ಪಂಚಾಂಗದ ಲೆಕ್ಕ ಸುಲಭ. ವರ್ಷದ 365 ದಿನಗಳಲ್ಲಿ ಸೂರ್ಯ 27 ನಕ್ಷತ್ರಗಳನ್ನು ದಾಟುತ್ತಾನೆ. ಭಾಗಿಸಿ ನೋಡಿ, ಒಂದೊಂದು ನಕ್ಷತ್ರಕ್ಕೆ ಹದಿಮೂರೂವರೆ ದಿನ ಬರುತ್ತದೆ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು.

ಸೂರ್ಯನೇನೋ ಶಿಸ್ತಿನ ಮನುಷ್ಯ, ಹೇಳಿದ ದಿನಕ್ಕೆ ತಪ್ಪದೆ ಬರುತ್ತಾನೆ. ಮೋಡಗಳು ಹಾಗಲ್ಲ. 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಕೆಲವೇ ದಿನಗಳಲ್ಲಿ ಅದು ನಮ್ಮ ಕರಾವಳಿಗೆ ಬರಬೇಕು. ಆದರೆ ಇತ್ತೀಚಿನ ವರ್ಷಗಳನ್ನೇ ನೋಡಿ. 2023ರಲ್ಲಿ ಅದು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. 2024ರಲ್ಲಿ ಮೇ 30ಕ್ಕೇ ಬಂತು. 2025ರಲ್ಲಂತೂ ಮೇ 24ಕ್ಕೇ ಬಾಗಿಲು ತಟ್ಟಿತು. ಮೂರು ವರ್ಷಗಳಲ್ಲಿ ಹದಿನೈದು ದಿನಗಳ ಹಿಂದುಮುಂದು! ಆಫೀಸಿಗೆ ಹೀಗೆ ಬರುವ ನೌಕರನಿಗೆ ಯಾವ ಮ್ಯಾನೇಜರೂ ಸುಮ್ಮನಿರುತ್ತಿರಲಿಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಅವರ ಗಾದೆಗಳನ್ನು ಕಿವಿಗೊಟ್ಟು ಕೇಳಿ. “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ.” “ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ.” “ಆರಿದ್ರಾ ಮಳೆ ಆದರೆ ದರಿದ್ರವಿಲ್ಲ.” ಎಲ್ಲ ಗಾದೆಯ ಹೊಟ್ಟೆಯಲ್ಲೂ ಒಂದು ‘ಬಂದರೆ’ ಅಥವಾ ‘ಆದರೆ’ ಕೂತಿದೆ. ಮಳೆ ಬಂದೇ ಬರುತ್ತದೆಂದು ಅಜ್ಜಂದಿರು ಯಾರಿಗೂ ಬಾಂಡ್ ಬರೆದುಕೊಟ್ಟಿಲ್ಲ. ಇಂದು ಹವಾಮಾನ ಇಲಾಖೆಯವರು ‘ಮಳೆಯಾಗುವ ಸಾಧ್ಯತೆ ಇದೆ’ ಎನ್ನುತ್ತಾರಲ್ಲ, ಅದೂ ಇದೇ ‘ಬಂದರೆ’ಯ ಇನ್ನೊಂದು ರೂಪ. ನಾವೋ ಅದನ್ನು ನುಂಗಿಬಿಟ್ಟು ಓದುತ್ತೇವೆ. ಆಮೇಲೆ ಮಳೆ ಬಾರದಿದ್ದರೆ, “ಇವರು ಹೇಳಿದ್ದು ಯಾವಾಗ ನಿಜವಾಗಿದೆ?” ಎಂದು ಟೀವಿಯ ಕಡೆ ಕೈ ತೋರಿಸುತ್ತೇವೆ.

ಒಂದೇ ರಾಜ್ಯ, ನಾಲ್ಕು ಆಕಾಶ

ಕರಾವಳಿಯವರಿಗೆ ಈ ವಾರದ ಭವಿಷ್ಯ ಹೇಳಲು ಉಪಗ್ರಹ ಬೇಕಿಲ್ಲ. ಮುಂಗಾರು ಕೂತಿತೆಂದರೆ ಒಗೆದ ಬಟ್ಟೆ ಒಣಗುವುದಿಲ್ಲ, ಶಾಲೆಯ ಸಾಕ್ಸಿಗೆ ಒಲೆಯ ಪಕ್ಕವೇ ಗತಿ. ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳದ ಡಬ್ಬಿ ದಿನದಿನಕ್ಕೆ ಹಗುರಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೀನಿನ ರೇಟು ಮೇಲೇರುತ್ತದೆ. ಜೋರು ಮಳೆಯ ದಿನ ಬೆಳಿಗ್ಗೆ ಎದ್ದ ಕೂಡಲೇ ಮಕ್ಕಳು ಆಕಾಶ ನೋಡುವುದಿಲ್ಲ. ಜಿಲ್ಲಾಧಿಕಾರಿಗಳು ರಜೆ ಕೊಟ್ಟರೇ ಎಂದು ಅಪ್ಪನ ಮೊಬೈಲು ನೋಡುತ್ತಾರೆ.

ಘಟ್ಟ ಹತ್ತಿದರೆ ಮಲೆನಾಡು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಂದರೆ ಸುರಿದ ನೀರೆಲ್ಲ ಹರಿಯದೆ ನಿಂತರೆ ಎರಡು ಮಹಡಿ ಮನೆ ಮುಳುಗೀತು! ಇಲ್ಲಿ ಕೊಡೆ ಬರೀ ಮರ್ಯಾದೆಗೆ. ಗದ್ದೆಗೆ ಹೋಗುವವರಿಗೆ ಕಂಬಳಿಕೊಪ್ಪೆಯೇ ಬೇಕು. ಕಾಲಿಗೆ ಉಂಬಳ ಹತ್ತುವುದು ಮುನ್ಸೂಚನೆ ಇಲ್ಲದೆಯೂ ಗ್ಯಾರಂಟಿ.

ಘಟ್ಟದ ಆಚೆ ಬದಿಗೆ ಇಳಿದರೆ ಬಯಲುಸೀಮೆ. ಇದನ್ನು ನಮ್ಮ ಕ್ಯಾಷ್ ಕೌಂಟರಿನ ಹಾಗೆ ತಿಳಿದುಕೊಳ್ಳಿ. ಅರಬ್ಬೀ ಸಮುದ್ರದಿಂದ ತೇವ ತುಂಬಿಕೊಂಡು ಬರುವ ಗಾಳಿ ಜೇಬು ತುಂಬ ದುಡ್ಡಿರುವ ಸಂಬಳದ ದಿನದ ಮನುಷ್ಯ. ಪಶ್ಚಿಮಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರುತ್ತದೆ, ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣಗಾದಾಗ ಹೊತ್ತ ನೀರನ್ನು ಅಲ್ಲೇ ಸುರಿಯುತ್ತದೆ. ಘಟ್ಟ ದಾಟುವಷ್ಟರಲ್ಲಿ ಜೇಬು ಖಾಲಿ, ಉಳಿದದ್ದು ಚಿಲ್ಲರೆ. ಚಳ್ಳಕೆರೆಯ ಕಡೆ ವರ್ಷವಿಡೀ ಸೇರಿ ಬೀಳುವುದು 500 ಮಿ.ಮೀ. ಆಸುಪಾಸು. ಆಗುಂಬೆ ಮತ್ತು ಚಳ್ಳಕೆರೆಯ ನಡುವೆ ಇರುವುದು ಒಂದು ದಿನದ ಬಸ್ಸಿನ ದಾರಿ ಅಷ್ಟೆ.

ಬೆಂಗಳೂರಿನವರು ಜೂನ್‌ನಲ್ಲಿ ಹೆಚ್ಚಾಗಿ ಕಾಣುವುದು ತಂಪು ಗಾಳಿ, ಮೋಡ, ಸಂಜೆಯ ತುಂತುರು. ಆ ಊರಿಗೆ ಹೆಚ್ಚು ಮಳೆ ಸೆಪ್ಟೆಂಬರ್ ತಿಂಗಳಿನದು. ಹಾಗೆಂದು ನೆಮ್ಮದಿಯಾಗಿ ಮಲಗುವಂತಿಲ್ಲ. 2024ರ ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಸುರಿದು, 1891ರ ಜೂನ್ 16ರ 101.6 ಮಿ.ಮೀ. ದಾಖಲೆ ಮುರಿಯಿತು. 133 ವರ್ಷದ ಹಳೆಯ ಠೇವಣಿ ಒಂದೇ ಸಂಜೆಗೆ ಖಲಾಸ್!

ಉತ್ತರ ಕರ್ನಾಟಕದಲ್ಲಿ ಇದು ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆಗಳ ಕಾಲ. ಮಕ್ಕಳು ಮಣ್ಣಿನ ಎತ್ತು ಮಾಡುವಾಗ ದೊಡ್ಡವರು ನಿಜವಾದ ಎತ್ತು ಹೂಡಿ ಹೆಸರು, ಉದ್ದು, ತೊಗರಿ ಬಿತ್ತಲು ಆಕಾಶ ನೋಡುತ್ತಾರೆ. ಮೊದಲ ಮಳೆಗೆ ಹೊಲದ ಮಣ್ಣಿನಿಂದ ಕೆಂಪು ಮಖಮಲ್ಲಿನಂಥ ಪುಟ್ಟ ಹುಳಗಳು ಹೊರಬರುತ್ತವೆ. ಕಂಡರೆ ಹಿಡಿದು ಬೆಂಕಿಪೊಟ್ಟಣದಲ್ಲಿ ಇಡಬೇಡಿ, ಎಂಟು ಕಾಲು ಎಣಿಸಿ ಬಿಟ್ಟುಬಿಡಿ. ಕೃಷ್ಣಾ ತೀರದ ಮಕ್ಕಳಿಗೆ ಇನ್ನೊಂದು ಮಾತು. ನಿಮ್ಮೂರಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ನದಿ ಹುಟ್ಟುವ ಮಹಾಬಳೇಶ್ವರದ ಕಡೆ ಬಿದ್ದ ಮಳೆ ನಿಮ್ಮ ಹೊಳೆಗೆ ತಾನೆ ಬರಬೇಕು? ಈ ದಿನಗಳಲ್ಲಿ ಹೊಳೆಗೆ ಇಳಿಯಬೇಡಿ.

ಒಂದು ಸರ, ಒಂದು ಜೊತೆ ಓಲೆ

ಚಿತ್ರದುರ್ಗ ಜಿಲ್ಲೆಯ ಒಂದು ಶಾಖೆಯಲ್ಲಿ ನಾನಿದ್ದಾಗ ಮಳೆಯ ಸುದ್ದಿಗೆ ರೇಡಿಯೋ ಬೇಕಿರಲಿಲ್ಲ. ಒಡವೆ ಸಾಲದ ಕೌಂಟರಿನ ಮುಂದಿನ ಸಾಲು ನೋಡಿದರೆ ಸಾಕಿತ್ತು. ಹದವಾದ ಒಂದು ಮಳೆ ಬಿದ್ದ ಮರುದಿನ ಬೀಜ ಗೊಬ್ಬರದ ದುಡ್ಡಿಗಾಗಿ ಊರೂರುಗಳಿಂದ ಜನ ಬರುತ್ತಿದ್ದರು. ಸೆರಗಿನ ಗಂಟಿನಿಂದ ಸರ, ಉಂಗುರ ಹೊರಬರುತ್ತಿದ್ದವು.

ಒಂದು ವರ್ಷ ಹೀಗೆ ಸರ ಇಟ್ಟು ಹೋಗಿದ್ದ ತಾಯಿಯೊಬ್ಬರು ಮೂರು ವಾರದಲ್ಲಿ ಮತ್ತೆ ಬಂದರು. “ಏನಮ್ಮಾ, ಇಷ್ಟು ಬೇಗ ಬಿಡಿಸ್ಕೊಳ್ಳೋಕೆ ಬಂದ್ರಾ?” ಎಂದೆ. “ಇಲ್ಲ ಸಾಮಿ. ಬಿತ್ತಿದ್ದೆಲ್ಲ ಒಣಗೋಯ್ತು. ಆಮೇಲೆ ಒಂದು ಹನೀನೂ ಬೀಳ್ಲಿಲ್ಲ. ಇವತ್ತು ಓಲೆ ತಂದೀನಿ” ಎಂದು ಕಾಗದದ ಪೊಟ್ಟಣ ಬಿಚ್ಚಿದರು. ಎರಡನೆಯ ಬಿತ್ತನೆಗೆ ಮಳೆ ಕೈಹಿಡಿಯಿತು. ಆದರೂ ಓಲೆ ಬಿಡಿಸಿಕೊಳ್ಳಲು ಮರುವರ್ಷ ಆಯಿತು. ಸರಕ್ಕೆ ಇನ್ನೂ ಒಂದು ವರ್ಷ. ಪೇಟೆಯವರಿಗೆ ಮಳೆ ತಪ್ಪಿದರೆ ಕೊಡೆ ಹೊತ್ತದ್ದು ದಂಡ, ಅಷ್ಟೆ. ಅವರಿಗೆ ಮೈಮೇಲಿನ ಒಡವೆಯೇ ಹೋಗುತ್ತಿತ್ತು.

ಈಗ ರೈತರಿಗೆ ಆಗಿಗಿಂತ ಹೆಚ್ಚಿನ ಆಸರೆ ಇದೆ. ಹವಾಮಾನ ಇಲಾಖೆ ಕೃಷಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಸಲಹೆ ಕೊಡುತ್ತದೆ. ‘ಮೇಘದೂತ್’ ಎಂಬ ಆ್ಯಪ್‌ನಲ್ಲೂ ಅದು ಸಿಗುತ್ತದೆ. ಮೊದಲ ಮಳೆಗೇ ಬೀಜ ಚೆಲ್ಲದೆ, ಮಣ್ಣು ಆಳಕ್ಕೆ ನೆನೆದಿದೆಯೇ, ಮುಂದಿನ ನಾಲ್ಕೈದು ದಿನ ಹೇಗೆ ಎಂದು ನೋಡಿ ಬಿತ್ತುವುದು ಜಾಣತನ. ನಿಮ್ಮ ಅಜ್ಜನಿಗೆ ಚಿಕ್ಕ ಅಕ್ಷರ ಕಾಣದಿದ್ದರೆ ಓದಿ ಹೇಳುವ ಕೆಲಸ ನಿಮ್ಮದು ಮಕ್ಕಳೇ.

ಸಾಧಾರಣ ಎಂದರೆ ಸಾಧಾರಣವಲ್ಲ

ಮುನ್ಸೂಚನೆಯ ಮಾತಿಗೂ ಒಂದು ನಿಘಂಟು ಉಂಟು. ಒಂದು ದಿನದಲ್ಲಿ 2.5ರಿಂದ 15.5 ಮಿ.ಮೀ. ಬಿದ್ದರೆ ಅದು ಹಗುರ ಮಳೆ. 15.6ರಿಂದ 64.4 ಮಿ.ಮೀ.ವರೆಗೆ ಸಾಧಾರಣ. 64.5 ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.4ನ್ನೂ ಮೀರಿದರೆ ಅತ್ಯಂತ ಭಾರಿ. ಅಂದರೆ ‘ಸಾಧಾರಣ ಮಳೆ’ ಎಂದು ಕೇಳಿ, ಪರವಾಗಿಲ್ಲ ಬಿಡು ಎಂದು ಹೊರಟವರು 60 ಮಿ.ಮೀ.ನಲ್ಲಿ ತೊಯ್ದು ತೊಪ್ಪೆಯಾಗಬಹುದು.

‘ಅಲ್ಲಲ್ಲಿ ಮಳೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲುಭಾಗದಷ್ಟು ಕಡೆ. ನಿಮ್ಮ ಬೀದಿ ಉಳಿದ ಮುಕ್ಕಾಲು ಭಾಗದಲ್ಲಿ ಇದ್ದರೆ ಇಲಾಖೆ ಸುಳ್ಳು ಹೇಳಿದಂತಲ್ಲ. ಬಣ್ಣಗಳ ಅರ್ಥ ಹೀಗೆ: ಹಸಿರಾದರೆ ಚಿಂತೆಯಿಲ್ಲ, ಹಳದಿಯಾದರೆ ಗಮನವಿರಲಿ, ಕಿತ್ತಳೆಯಾದರೆ ಸಿದ್ಧರಾಗಿ, ಕೆಂಪಾದರೆ ಸುರಕ್ಷಿತ ಜಾಗದಲ್ಲಿ ಇರಿ.

ಮಿಂಚಿಗೆ ಮಾತ್ರ ತಮಾಷೆ ಬೇಡ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ, ಮೂರರಿಂದ ಭಾಗಿಸಿ. ಸಿಡಿಲು ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. ಎಣಿಕೆ ಮೂವತ್ತು ಮುಟ್ಟುವ ಮೊದಲೇ ಗುಡುಗಿದರೆ ಆಟ ಬಿಟ್ಟು ಮನೆಯೊಳಗೆ ಓಡಿ. ಮರದ ಬುಡ ಬೇಡವೇ ಬೇಡ. ಸಿಡಿಲಿನ ಎಚ್ಚರಿಕೆಗೆಂದೇ ‘ದಾಮಿನಿ’ ಎಂಬ ಆ್ಯಪ್ ಇದೆ, ಮನೆಯಲ್ಲಿ ಒಬ್ಬರ ಮೊಬೈಲಿನಲ್ಲಾದರೂ ಇರಲಿ.

ನಿಮ್ಮದೇ ಒಂದು ಮಳೆ ಖಾತೆ

ಕೊನೆಯದಾಗಿ ಈ ಭಾನುವಾರದ ಕೆಲಸ. ಎರಡು ಲೀಟರಿನ, ಮೈ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ತನ್ನಿ. ದೊಡ್ಡವರ ಕೈಯಲ್ಲಿ ಕುತ್ತಿಗೆಯ ಕೆಳಗೆ ಕತ್ತರಿಸಿ, ಆ ತುಂಡನ್ನು ಆಲಿಕೆಯ ಹಾಗೆ ತಲೆಕೆಳಗಾಗಿ ಕೂರಿಸಿ. ಗಾಳಿಗೆ ಬೀಳದಂತೆ ತಳದಲ್ಲಿ ನಾಲ್ಕು ಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ಹೊಯ್ದು ಅಲ್ಲಿ ಗೆರೆ ಎಳೆಯಿರಿ. ಅದೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲಿನಿಂದ ಮಿಲಿಮೀಟರ್ ಗುರುತು ಹಾಕಿ. ಮರ, ಸೂರು ಅಡ್ಡವಿಲ್ಲದ ಕಡೆ ಇಟ್ಟು ದಿನವೂ ಬೆಳಿಗ್ಗೆ ಎಂಟೂವರೆಗೆ ನೋಡಿ. ಇಲಾಖೆಯವರ ದಿನದ ಲೆಕ್ಕ ಮುಗಿಯುವುದೂ ಅದೇ ಹೊತ್ತಿಗೆ. ಬರೆದುಕೊಂಡ ಮೇಲೆ ನೀರನ್ನು ಮತ್ತೆ ಸೊನ್ನೆಯ ಗೆರೆಗೆ ಇಳಿಸಿ, ಇಲ್ಲದಿದ್ದರೆ ನಾಳೆ ಲೆಕ್ಕ ತಪ್ಪುತ್ತದೆ, ಸೊಳ್ಳೆಯೂ ಸಂಸಾರ ಹೂಡುತ್ತದೆ.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 30–40 ಸೈಟು ಸುಮಾರು 111 ಚದರ ಮೀಟರ್. ಅದರ ಮೇಲೆ 20 ಮಿ.ಮೀ. ಬಿದ್ದರೆ 2,200 ಲೀಟರ್. ಹದಿನೈದು ಲೀಟರಿನ ಬಿಂದಿಗೆಯಲ್ಲಿ ಹಿಡಿದರೆ ಹೆಚ್ಚುಕಡಿಮೆ 145 ಬಿಂದಿಗೆ. ಟ್ಯಾಂಕರಿನವರಿಗೆ ಫೋನು ಮಾಡುವ ಮನೆಗಳು ಈ ಲೆಕ್ಕವನ್ನು ಒಮ್ಮೆ ಗಟ್ಟಿಯಾಗಿ ಓದಬಹುದು.

ಹಳೆಯ ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ತಾರೀಖು, ಮಳೆ ನಕ್ಷತ್ರ, ಮುನ್ಸೂಚನೆ ಏನು, ಬಂದದ್ದೆಷ್ಟು. ಮಳೆ ಬಾರದ ದಿನವೂ ಬಿಡದೆ ಸೊನ್ನೆ ಬರೆಯಿರಿ, ಸೊನ್ನೆಯೂ ಒಂದು ಲೆಕ್ಕವೇ. ಜುಲೈ ಮೊದಲ ವಾರ ಆರಿದ್ರಾ ಮುಗಿಯುವಾಗ ಕೂಡಿ ನೋಡಿ. ನಿಮ್ಮ ಬೀದಿಯ ಮಳೆಯ ವಿಷಯದಲ್ಲಿ ಆಗ ಟೀವಿಯವರಿಗಿಂತ ನಿಮಗೇ ಹೆಚ್ಚು ಗೊತ್ತಿರುತ್ತದೆ. “ಈ ವಾರ ಮಳೆ ಹೇಗಂತೆ?” ಎಂದು ಯಾರಾದರೂ ಕೇಳಿದರೆ ಬುಕ್ಕು ತೆರೆದು ಉತ್ತರ ಹೇಳಿ. ‘ಬಂದರೆ’ ಸೇರಿಸಲು ಮಾತ್ರ ಮರೆಯಬೇಡಿ.