ಮನೆಯ ಆರೋಗ್ಯಕ್ಕೆ ಊರಿನ ನೀರು, ಗಾಳಿ, ಬೆಳೆಯೇ ದಾರಿದೀಪ

ಹೊಸಪೇಟೆ: ಆರೋಗ್ಯಕರ, ಪರಿಸರಸ್ನೇಹಿ ಮನೆಯೆಂದರೆ ದುಬಾರಿ ಉಪಕರಣಗಳ ಮನೆ ಎಂಬ ಭಾವನೆ ನಗರವಾಸಿಗಳಲ್ಲಿ ಬೇರೂರಿದೆ. ಆದರೆ ಕುಡಿಯುವ ನೀರಿನ ಮೂಲ ಯಾವುದು, ಕಿಟಕಿಯಿಂದ ಒಳಬರುವ ದೂಳು ಎಲ್ಲಿಯದು, ಮನೆಯ ಕೊಳಚೆ ಯಾವ ಊರನ್ನು ಸೇರುತ್ತದೆ ಎಂಬುದನ್ನು ಅರಿತವರಿಗೆ ಅರ್ಧ ಕೆಲಸ ಮುಗಿದಂತೆ. ವಿಜಯನಗರ ಜಿಲ್ಲೆಯ ಹೊಸಪೇಟೆ ಮತ್ತು ಹಂಪಿ, ಬಳ್ಳಾರಿ ಜಿಲ್ಲೆಯ ಸಂಡೂರು ಮತ್ತು ಕಂಪ್ಲಿ ಪರಸ್ಪರ ಸಮೀಪದಲ್ಲಿದ್ದರೂ ಇಲ್ಲಿನ ಮನೆಗಳ ಸಮಸ್ಯೆಗಳು ಬೇರೆ ಬೇರೆ.

ಕುದಿಸಿದ ಮಾತ್ರಕ್ಕೆ ಶುದ್ಧವಲ್ಲ

ನದಿಯ ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಕೊಳವೆಬಾವಿಯ ನೀರಿನ ಕಥೆ ಬೇರೆ. ಅವಿಭಜಿತ ಬಳ್ಳಾರಿ ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಅಧಿಕವಾಗಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಕುದಿಸಿದಾಗ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಮಿತಿಮೀರಿದ ಫ್ಲೋರೈಡ್ ಮಕ್ಕಳ ಹಲ್ಲುಗಳಲ್ಲಿ ಕಲೆ ಮೂಡಿಸುತ್ತದೆ, ದೀರ್ಘಕಾಲದಲ್ಲಿ ಮೂಳೆ, ಕೀಲುಗಳನ್ನೂ ಬಾಧಿಸುತ್ತದೆ. ಆದ್ದರಿಂದ ಶುದ್ಧೀಕರಣ ಯಂತ್ರ ಕೊಳ್ಳುವ ಮುನ್ನ ನೀರಿನ ಪರೀಕ್ಷೆ ಮಾಡಿಸುವುದು ಒಳಿತು. ಆರ್‌ಓ ಯಂತ್ರ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತದೆ. ಆದರೆ ಗಣನೀಯ ಪ್ರಮಾಣದ ನೀರನ್ನು ಹೊರಚೆಲ್ಲುತ್ತದೆ. ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಬಹುದು.

ದೂಳಿಗೆ ಒದ್ದೆ ಬಟ್ಟೆ

ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರು ರಾಜ್ಯಕ್ಕೆಲ್ಲ ಪರಿಚಿತ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿತ್ತು. ನಂತರ ಷರತ್ತುಗಳೊಂದಿಗೆ ಗಣಿಗಾರಿಕೆ ಪುನರಾರಂಭವಾಯಿತು. ಅದಿರು ಲಾರಿಗಳ ಹಾದಿಯಲ್ಲಿರುವ ಮನೆಗಳಿಗೆ ಕೆಂಪು ದೂಳು ನಿತ್ಯದ ಅತಿಥಿ. ಒಣ ಪೊರಕೆಯಿಂದ ಗುಡಿಸಿದರೆ ಸೂಕ್ಷ್ಮ ಕಣಗಳು ಮತ್ತೆ ಗಾಳಿಗೇರಿ ಶ್ವಾಸಕೋಶ ಸೇರುತ್ತವೆ. ಒದ್ದೆ ಬಟ್ಟೆಯಿಂದ ಒರೆಸುವುದೇ ಲೇಸು. ಲಾರಿ ಸಂಚಾರ ಹೆಚ್ಚಿರುವ ಹೊತ್ತಿನಲ್ಲಿ ರಸ್ತೆ ಬದಿಯ ಕಿಟಕಿ ಮುಚ್ಚಿ, ಹಿತ್ತಲ ಕಡೆಯ ಕಿಟಕಿ ತೆರೆದಿಡಬಹುದು. ನೀರಿನ ಕೊಡ, ಅಡುಗೆಯ ಪಾತ್ರೆಗಳಿಗೆ ಮುಚ್ಚಳ ಅಗತ್ಯ. ಮಳೆನೀರು ಸಂಗ್ರಹಿಸುವವರು ಮೊದಲ ಮಳೆಯ ನೀರನ್ನು ಹೊರಬಿಡಬೇಕು. ಚಾವಣಿಯ ದೂಳೆಲ್ಲ ಅದರಲ್ಲಿಯೇ ಇರುತ್ತದೆ.

ಮನೆಯೊಳಗಿನ ಹೊಗೆಯೂ ಕಡಿಮೆ ಅಪಾಯಕಾರಿಯಲ್ಲ. ಸ್ನಾನದ ಹಂಡೆಯ ಒಲೆಗೆ ಹಳೆಯ ಚಪ್ಪಲಿ, ಪ್ಲಾಸ್ಟಿಕ್ ಚೀಲ ಹಾಕಿ ನೀರು ಕಾಯಿಸುವ ರೂಢಿಯನ್ನು ಕೈಬಿಡಲೇಬೇಕು. ಪಿವಿಸಿಯಂತಹ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್ ಎಂಬ ವಿಷಕಾರಿ ರಾಸಾಯನಿಕ ಹುಟ್ಟುತ್ತದೆ.

ಬಾಳೆ ಎಲೆ, ಜೋಳದ ರೊಟ್ಟಿ

1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯ ಸುತ್ತ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ಬಾಳೆ ತೋಟಗಳಿಗೆ ನೀರುಣಿಸುತ್ತಿವೆ. ಹೀಗಿದ್ದೂ ಸಮಾರಂಭಗಳಿಗೆ ಪ್ಲಾಸ್ಟಿಕ್ ಲೇಪನದ ತಟ್ಟೆ ತರುವುದು ವಿಪರ್ಯಾಸ. ರಾಜ್ಯ ಸರ್ಕಾರ 2016ರಲ್ಲಿ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಇಂತಹ ಹಲವು ವಸ್ತುಗಳನ್ನು ನಿಷೇಧಿಸಿವೆ. ಉಂಡ ಬಾಳೆ ಎಲೆ ದನಕ್ಕೆ ಮೇವಾದೀತು, ಇಲ್ಲವೇ ತಿಂಗಳುಗಳಲ್ಲಿ ಗೊಬ್ಬರವಾದೀತು. ನದಿಯಾಚೆಯ ಆನೆಗೊಂದಿಯಲ್ಲಿ ಬಾಳೆ ನಾರಿನಿಂದ ಚೀಲ, ಬುಟ್ಟಿಗಳೂ ತಯಾರಾಗುತ್ತವೆ.

ಕಂಪ್ಲಿ ಭತ್ತದ ಸೀಮೆ. ಬಹಳ ಪಾಲಿಶ್ ಮಾಡಿದ ಅಕ್ಕಿಯಲ್ಲಿ ತೌಡಿನೊಂದಿಗೆ ನಾರಿನಂಶ, ಬಿ1 ಜೀವಸತ್ವವೂ ಹೋಗಿರುತ್ತದೆ. ಕಡಿಮೆ ಪಾಲಿಶ್ ಮಾಡಿದ ಅಕ್ಕಿಯನ್ನು ಕೇಳಿ ಪಡೆಯುವುದು, ದಿನಕ್ಕೊಂದು ಹೊತ್ತು ಜೋಳದ ರೊಟ್ಟಿ ಉಣ್ಣುವುದು ದೇಹಕ್ಕೂ ಹಿತ, ನದಿಗೂ ಹಿತ. ಭತ್ತಕ್ಕೆ ಹೋಲಿಸಿದರೆ ಜೋಳಕ್ಕೆ ಬೇಕಾದ ನೀರು ಬಹಳ ಕಡಿಮೆ.

ಚೆಲ್ಲಿದ್ದು ಎಲ್ಲಿಗೆ?

ನದಿಯ ಹಾದಿಯಲ್ಲಿ ಹೊಸಪೇಟೆಯ ನಂತರ ಹಂಪಿ, ಅದರ ಮುಂದೆ ಕಂಪ್ಲಿ. ಸಂಸ್ಕರಣೆಯಾಗದ ಚರಂಡಿ ನೀರು ಹಳ್ಳ, ಕಾಲುವೆಗಳ ಮೂಲಕ ಕೊನೆಗೆ ನದಿಯನ್ನೇ ಸೇರುತ್ತದೆ. ಮೇಲಿನ ಊರಿನವರು ಚೆಲ್ಲಿದ್ದೇ ಕೆಳಗಿನ ಊರಿನವರ ಪಾಲು. ಕರಿದ ಎಣ್ಣೆಯನ್ನು ತೊಟ್ಟಿಗೆ ಸುರಿಯದಿರುವುದು, ಬಟ್ಟೆ ಸೋಪಿನ ಪುಡಿಯನ್ನು ಅಳೆದು ಬಳಸುವುದು, ಹಳೆಯ ಔಷಧಿಯನ್ನು ಚರಂಡಿಗೆ ಹಾಕದಿರುವುದು, ಹಸಿ ಕಸ ಮತ್ತು ಒಣ ಕಸವನ್ನು ಬೇರ್ಪಡಿಸುವುದು ಖರ್ಚಿಲ್ಲದ ಕೆಲಸಗಳು.

ನೀರಿನ ಮಿತವ್ಯಯವಂತೂ ಇಲ್ಲಿ ಉಪದೇಶದ ಮಾತಲ್ಲ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ತುಂಬಿದ ಜಲಾಶಯದ ಅಪಾರ ನೀರು ನದಿಪಾಲಾಯಿತು. ಆ ನೀರನ್ನೇ ನಂಬಿದ ರೈತರು ಆಗ ಆತಂಕದಲ್ಲಿ ದಿನ ಕಳೆದರು. ಹೂಳು ತೆಗೆಯುವುದು, ಗೇಟು ಬದಲಿಸುವುದು ಸರ್ಕಾರದ ಕೆಲಸ. ಸೋರುವ ನಲ್ಲಿಯ ವಾಷರ್ ಬದಲಿಸುವುದು ಮನೆಯವರ ಕೆಲಸ. ಅದಕ್ಕೆ ತಗಲುವ ವೆಚ್ಚ ಕೆಲವೇ ರೂಪಾಯಿ.