ಶುಕ್ರಗ್ರಹಕ್ಕೂ ರೆಸ್ಯೂಮೆಗೂ ಏನು ಸಂಬಂಧ?

ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂದಾಗ ಫೈನಲ್ ಇಯರ್‌ನ ನಮಗೆಲ್ಲ ಒಂದೇ ತಲೆನೋವು: ರೆಸ್ಯೂಮೆಯಲ್ಲಿ ‘ಪ್ರಾಜೆಕ್ಟ್ಸ್’ ಎಂಬ ತಲೆಬರಹದ ಕೆಳಗೆ ಏನು ಬರೆಯೋದು? ಇಂಟರ್ನ್‌ಶಿಪ್ ಎಲ್ಲರಿಗೂ ಸಿಗುವುದಿಲ್ಲ. ಮಿನಿ ಪ್ರಾಜೆಕ್ಟ್‌ನಲ್ಲಿ ಹೆಸರು ನಾಲ್ಕು ಜನರದ್ದು, ಕೆಲಸ ಒಬ್ಬರದ್ದು. ಹಾಗಾಗಿ ಸೀನಿಯರ್‌ಗಳ ಫೈಲ್ ತಂದು ಹೆಸರು ಬದಲಿಸುವುದು, ದುಡ್ಡು ಕೊಟ್ಟು ಪ್ರಾಜೆಕ್ಟ್ ತರುವುದು ನಡೆದೇ ಇದೆ. ಆದರೆ ಇಂಟರ್‌ವ್ಯೂನಲ್ಲಿ “ಇದನ್ನು ಯಾಕೆ ಹೀಗೆ ಮಾಡಿದಿರಿ?” ಎಂದು ಕೇಳಿದರೆ ಬಣ್ಣ ಬಯಲು.

ನಮ್ಮ ಸಲಹೆ ಬೇರೆ. ಎರಡು ಮರದ ಪಟ್ಟಿ, ಒಂದು ಬೋಲ್ಟ್, ಕಂಪಾಸ್ ಬಾಕ್ಸ್‌ನ ಕೋನಮಾಪಕ, ಎರಡು ತಿಂಗಳ ತಾಳ್ಮೆ. ಇಷ್ಟಿದ್ದರೆ ಶುಕ್ರನ ಒಂದು ವರ್ಷ ಎಷ್ಟು ದಿನದ್ದು ಅಂತ ನಾವೇ ಲೆಕ್ಕ ಹಾಕಬಹುದು.

ಮೊದಲು ವಿಷಯ ತಿಳಿಯೋಣ. ಶುಕ್ರನ ಕಕ್ಷೆ ನಮ್ಮ ಕಕ್ಷೆಯ ಒಳಗಿದೆ. ಆದ್ದರಿಂದ ಅವನು ಸೂರ್ಯನಿಂದ ಒಂದು ಮಿತಿಗಿಂತ ದೂರ ಹೋದಂತೆ ನಮಗೆ ಕಾಣುವುದೇ ಇಲ್ಲ. ಆ ಮಿತಿ 45ರಿಂದ 47 ಡಿಗ್ರಿ. ಗರಿಷ್ಠ ಕೋನದ ದಿನ ನಮ್ಮ ದೃಷ್ಟಿರೇಖೆ ಶುಕ್ರನ ಕಕ್ಷೆಗೆ ಸ್ಪರ್ಶಕ. ಅಂದರೆ ಸೂರ್ಯ, ಶುಕ್ರ, ಭೂಮಿ ಸೇರಿದ ತ್ರಿಕೋನದಲ್ಲಿ ಶುಕ್ರನ ಬಳಿ ಲಂಬಕೋನ. ಇನ್ನು ಪಿಯುಸಿ ಗಣಿತ ಸಾಕು: ಸೂರ್ಯನಿಂದ ಭೂಮಿಗಿರುವ ದೂರ 1 ಎಂದಿಟ್ಟರೆ ಶುಕ್ರನ ದೂರ ಆ ಕೋನದ ಸೈನ್. ಕೋನ 46 ಡಿಗ್ರಿ ಬಂದರೆ ದೂರ 0.72.

ಮುಂದಿನದು ಕೆಪ್ಲರ್‌ನ ಮೂರನೇ ನಿಯಮ, 1619ರದ್ದು: ಅವಧಿಯ ವರ್ಗ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. 0.72ರ ಘನ ಮಾಡಿ ವರ್ಗಮೂಲ ತೆಗೆದರೆ ಸುಮಾರು 0.61 ವರ್ಷ, ಅಂದರೆ 223 ದಿನ. ಪುಸ್ತಕದಲ್ಲಿರುವ ಬೆಲೆ 225 ದಿನ. ಮರದ ಪಟ್ಟಿಗೆ ಇದು ಸಾಧಾರಣ ಫಲಿತಾಂಶ ಅಲ್ಲ ಮಾರಾಯ್ರೆ!

ಅಳೆಯೋದು ಎಲ್ಲಿ? ಶುಕ್ರ ಸಂಜೆಯ ಆಕಾಶದಲ್ಲಿರುವಾಗ ಕಾಪುವಿನ ಕಡಲತೀರಕ್ಕಿಂತ ಒಳ್ಳೆಯ ಜಾಗ ಬೇಡ. 1901ರ ದೀಪಸ್ತಂಭದ ಬುಡದಲ್ಲಿ ನಿಂತರೆ ಪಶ್ಚಿಮದಲ್ಲಿ ಮರ, ಕಟ್ಟಡ ಯಾವುದೂ ಅಡ್ಡ ಇಲ್ಲ. ಪಟ್ಟಿಗಳನ್ನು ಬೋಲ್ಟ್‌ನಿಂದ ಕತ್ತರಿಯಂತೆ ಜೋಡಿಸಿ. ಸೂರ್ಯ ಪೂರ್ತಿ ಮುಳುಗಿದ ಮೇಲೆ ಒಂದು ಪಟ್ಟಿ ಮುಳುಗಿದ ಜಾಗಕ್ಕೆ, ಇನ್ನೊಂದು ಶುಕ್ರನಿಗೆ. ನಡುವಿನ ಕೋನ ಓದಿ. ಆಕಾಶ 4 ನಿಮಿಷಕ್ಕೆ 1 ಡಿಗ್ರಿ ತಿರುಗುತ್ತದೆ. 12 ನಿಮಿಷ ತಡವಾಗಿ ಅಳೆದರೆ ಸೂರ್ಯ ಸುಮಾರು 3 ಡಿಗ್ರಿ ಕೆಳಗಿಳಿದಿರುತ್ತಾನೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಮುಳುಗುವ ಮೊದಲು ಸೂರ್ಯನನ್ನು ದಿಟ್ಟಿಸಬೇಡಿ, ಬೈನಾಕ್ಯುಲರ್‌ನಲ್ಲಂತೂ ಬೇಡವೇ ಬೇಡ. ಗರಿಷ್ಠದ ಆಸುಪಾಸಿನಲ್ಲಿ ಕೋನ ತುಂಬ ನಿಧಾನ ಬದಲಾಗುತ್ತದೆ, ಹಾಗಾಗಿ ನಾಲ್ಕು ದಿನ ಮೋಡವಿದ್ದರೂ ಚಿಂತೆಯಿಲ್ಲ. ಮಳೆಗಾಲದಲ್ಲಿ ಮಾತ್ರ ಈ ಕೆಲಸ ಆಗುವುದಿಲ್ಲ.

ಶುಕ್ರ ಬೆಳಗಿನ ಆಕಾಶದಲ್ಲಿದ್ದರೆ ನಮ್ಮ ಊರಿನಲ್ಲಿ ಕಷ್ಟ, ಪೂರ್ವಕ್ಕೆ ಘಟ್ಟ ಅಡ್ಡ. ಆಗ ಗುರುವಿನ ಉಪಗ್ರಹಗಳನ್ನು ಹಿಡಿಯಿರಿ. 10×50 ಬೈನಾಕ್ಯುಲರ್ ಅಲುಗದಂತೆ ಇಟ್ಟರೆ ಸಾಕು, ಮಣಿಪಾಲದ ಎಂಡ್ ಪಾಯಿಂಟ್ ಆದೀತು, ವಾರಾಂತ್ಯಕ್ಕೆ ಕಾರ್ಕಳದ ಮನೆಗೆ ಹೋಗುವವರಿಗೆ ಅಂಗಳವೂ ಆದೀತು. ಗ್ಯಾನಿಮೀಡ್‌ನ ಅವಧಿ 7.15 ದಿನ, ಕ್ಯಾಲಿಸ್ಟೋದು 16.69 ದಿನ. ಅನುಪಾತದ ವರ್ಗ 5.44. ದೂರಗಳು 10.70 ಲಕ್ಷ ಮತ್ತು 18.83 ಲಕ್ಷ ಕಿ.ಮೀ.; ಅನುಪಾತದ ಘನವೂ 5.44. ಸೂರ್ಯನ ಸುತ್ತ ನಡೆಯುವ ನಿಯಮ ಗುರುವಿನ ಸುತ್ತಲೂ ನಡೆಯುತ್ತದೆ ಎಂಬುದು ನಮ್ಮ ನೋಟ್‌ಬುಕ್‌ನಲ್ಲೇ ಕಾಣುತ್ತದೆ. ಮಾರ್ಗದರ್ಶನ ಬೇಕಿದ್ದರೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘವೇ ಇದೆ.

ಈಗ ರೆಸ್ಯೂಮೆಗೆ ಬರೋಣ. “ಖಗೋಳಶಾಸ್ತ್ರದಲ್ಲಿ ಆಸಕ್ತಿ” ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಏನು ಮಾಡಿದೆವು, ಎಷ್ಟು ಸಲ, ಯಾವುದರಿಂದ, ಏನು ಬಂತು — ಈ ನಾಲ್ಕು ಒಂದೇ ಸಾಲಿನಲ್ಲಿರಲಿ. ಉದಾಹರಣೆಗೆ: “ಕೈಯಲ್ಲಿ ಮಾಡಿದ ಕೋನಮಾಪಕದಿಂದ 8 ವಾರ, 14 ಅಳತೆ, ಪೈಥಾನ್‌ನಲ್ಲಿ ವಕ್ರರೇಖೆ ಹೊಂದಿಸಿ ಶುಕ್ರನ ಅವಧಿ 223 ದಿನ ಎಂದು ಅಂದಾಜು, ದೋಷ ಸುಮಾರು 5 ದಿನ.” ಅಂಕಿಗಳು ನಿಮ್ಮದೇ ಆಗಿರಲಿ, ಇಲ್ಲಿಂದ ನಕಲು ಬೇಡ.

ದೋಷವನ್ನು ಮುಚ್ಚಿಡಬೇಡಿ. 45 ಡಿಗ್ರಿ ಎಂದರೆ 217 ದಿನ, 47 ಎಂದರೆ 228. ಒಂದು ಡಿಗ್ರಿ ತಪ್ಪಿದರೆ ಐದಾರು ದಿನದ ವ್ಯತ್ಯಾಸ. “ಯಾಕೆ 225 ಬರಲಿಲ್ಲ?” ಎಂದು ಕೇಳಿದರೆ ಇದೇ ಉತ್ತರ. ಕಕ್ಷೆಗಳನ್ನು ವೃತ್ತ ಎಂದು ಹಿಡಿದೆವು, ನಿಜಕ್ಕೂ ಅವು ದೀರ್ಘವೃತ್ತ ಎಂದೂ ಸೇರಿಸಿ. ಕೆಪ್ಲರ್ ಮಾಡಿದ್ದೂ ಅದನ್ನೇ. ಮಂಗಳನ ಲೆಕ್ಕದಲ್ಲಿ ಅವನಿಗೆ ಬಂದ ವ್ಯತ್ಯಾಸ ಬರೀ 8 ಕಲೆ, ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ. ಅದನ್ನು ಅಲಕ್ಷಿಸದೆ ಹಿಂದೆ ಬಿದ್ದದ್ದರಿಂದಲೇ 1609ರಲ್ಲಿ ದೀರ್ಘವೃತ್ತದ ನಿಯಮ ಹೊರಬಂತು.

ಉಳಿದದ್ದು ಸರಳ. ಒಂದೇ ಪುಟ, ಒಂದೇ ಕಾಲಮ್, ಪಿಡಿಎಫ್. ಎರಡು ಕಾಲಮ್, ಚಿತ್ರ, ಐಕಾನ್ ಇದ್ದರೆ ಅರ್ಜಿ ಸೋಸುವ ಸಾಫ್ಟ್‌ವೇರ್ ಗೊಂದಲಕ್ಕೆ ಬೀಳಬಹುದು. ‘ಪೈಥಾನ್ 80%’ ಎಂಬ ಪಟ್ಟಿಗೆ ಅರ್ಥವಿಲ್ಲ. ಯಾವ ಕೆಲಸಕ್ಕೆ ಬಳಸಿದಿರಿ ಎಂದು ಬರೆಯಿರಿ. ತಂದೆಯ ಹೆಸರು, ಧರ್ಮ, ‘ಸಂಗೀತ ಕೇಳುವುದು’ ಇವೆಲ್ಲ ತೆಗೆಯಿರಿ. ಪ್ರತಿ ಸಾಲಿನ ಮೇಲೆ ಐದು ನಿಮಿಷ ಮಾತಾಡಲು ಬಾರದಿದ್ದರೆ ಆ ಸಾಲೂ ಬೇಡ.

1975ರಲ್ಲಿ ಹಾರಿದ 360 ಕೆ.ಜಿ.ಯ ಆರ್ಯಭಟ ಉಪಗ್ರಹವೂ ಇದೇ ಮೂರನೇ ನಿಯಮದಂತೆ ಭೂಮಿಯನ್ನು ಸುತ್ತಿತು. ಅದನ್ನು ಕಟ್ಟಿದ ತಂಡದ ಮುಂದಾಳು ಯು. ಆರ್. ರಾವ್ ಹುಟ್ಟಿದ್ದು ಕಾಪುವಿನ ಹತ್ತಿರದ ಅದಮಾರಿನಲ್ಲಿ. ಮುಂದಿನ ಮೋಡವಿಲ್ಲದ ಸಂಜೆ ಬಸ್ ಹತ್ತಿ ಕಾಪುವಿಗೆ ಹೋಗಿ. ಮೊದಲ ಅಳತೆ ಸರಿಯಾಗಿ ಬರಲಿಕ್ಕಿಲ್ಲ, ಆದರೂ ಬರೆದಿಡಿ.